ಲಿಯರ್ ಮಹಾರಾಜನ ತಪ್ಪೂ ನಮ್ಮ ರಾಜ್ಯೋತ್ಸವವೂ

ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಓದು ಬಳಗದವರು ಷೇಕ್ಸ್‌ಪಿಯರನ 'ಕಿಂಗ್ ಲಿಯರ್' ನಾಟಕವನ್ನು ಕೈಗೆತ್ತಿಕೊಂಡಿದ್ದೆವು. ಮಾಸ್ತಿ ವೆಂಕಟೇಶ ಅಯ್ಯಂಗಾರರ 'ಲಿಯರ್ ಮಹಾರಾಜ' ಒಂದು ಕಡೆ, ಇಂಗ್ಲಿಷ್ ಮೂಲ ಇನ್ನೊಂದು ಕಡೆ ಇಟ್ಟುಕೊಂಡು ನಾಲ್ಕು ಭಾನುವಾರಗಳಲ್ಲಿ ಓದಿ ಮುಗಿಸಿದೆವು. ಕೊನೆಯ ದಿನ ಸಂಘದ ಹಿರಿಯ ಸದಸ್ಯರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ, "ಇದು ಯಾವ ರಾಜನ ಕಥೆಯೂ ಅಲ್ಲ ಸ್ವಾಮಿ, ನಮ್ಮ ನಿಮ್ಮ ಮನೆಯ ಕಥೆ. ಮಕ್ಕಳಿಗೆ ಎಲ್ಲವನ್ನೂ ಕೊಟ್ಟ ಮುದುಕನ ಗತಿ ಇಷ್ಟೇ" ಎಂದರು. ಕುಳಿತಿದ್ದವರೆಲ್ಲ ತಲೆದೂಗಿದರು. ಒಬ್ಬರ ಮಗ ಅಮೆರಿಕದಲ್ಲಿ, ಇನ್ನೊಬ್ಬರ ಮಗಳು ದುಬೈಯಲ್ಲಿ. ಮೊಮ್ಮಕ್ಕಳಿಗೆ ಕನ್ನಡ ಬಾರದು. ಮಾತು ನಾಟಕವನ್ನು ಬಿಟ್ಟು ಆ ದಿಕ್ಕಿಗೆ ಹರಿಯಿತು.

ನನಗೆ ಮಾತ್ರ ತಲೆದೂಗಲು ಆಗಲಿಲ್ಲ. ಹಿರಿಯರ ಎದುರು ವಾದಿಸುವುದು ಸಲ್ಲದೆಂದು ಆ ದಿನ ಸುಮ್ಮನಿದ್ದೆ. ಸುಮ್ಮನಿದ್ದುದು ತಪ್ಪಾಯಿತೆಂದು ಈಗ ಅನ್ನಿಸುತ್ತಿರುವುದರಿಂದ ಈ ಬರಹ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. 'ಕಿಂಗ್ ಲಿಯರ್' ಮಕ್ಕಳ ಕೃತಘ್ನತೆಯ ನಾಟಕವೆಂದು ಓದುವುದು ನಮ್ಮ ಅನುಕೂಲಕ್ಕಾಗಿ ಓದುವುದು. ಪ್ರೀತಿಯನ್ನು ತುಂಬಿದ ಸಭೆಯಲ್ಲಿ ಹರಾಜಿಗಿಟ್ಟು, ಆ ಕಾರಣದಿಂದಲೇ ಕಣ್ಣೆದುರಿನದನ್ನು ಕಾಣುವ ಶಕ್ತಿಯನ್ನು ಕಳೆದುಕೊಂಡ ಒಬ್ಬ ಅಧಿಕಾರಸ್ಥನ ನಾಟಕ ಅದು. ಹಾಗೆ ಓದಲು ನಾವು ಹಿಂಜರಿಯುತ್ತೇವೆ. ಏಕೆಂದರೆ ಹೊರನಾಡ ಕನ್ನಡಿಗರಾದ ನಾವು ವರ್ಷಕ್ಕೊಮ್ಮೆಯಾದರೂ ಆ ಸಿಂಹಾಸನದ ಮೇಲೆ ಕುಳಿತು ಅದೇ ಪ್ರಶ್ನೆಯನ್ನು ಕೇಳುತ್ತಿರುತ್ತೇವೆ.

ಈ ನಾಟಕವನ್ನು ಅನುಕೂಲಕ್ಕೆ ತಕ್ಕಂತೆ ಓದುವ ಚಾಳಿ ನಮ್ಮದು ಮಾತ್ರವೇನಲ್ಲ. 1681ರಲ್ಲಿ ನೇಹಮ್ ಟೇಟ್ ಎಂಬಾತ ಇದನ್ನು ತಿದ್ದಿ ಬರೆದ. ಆತನ ಪಾಠದಲ್ಲಿ ಕಾರ್ಡೀಲಿಯ ಸಾಯುವುದಿಲ್ಲ, ಎಡ್ಗರನನ್ನು ಮದುವೆಯಾಗುತ್ತಾಳೆ, ಲಿಯರನಿಗೆ ರಾಜ್ಯ ಮರಳಿ ದೊರೆಯುತ್ತದೆ. ಇಂಗ್ಲೆಂಡಿನ ರಂಗಭೂಮಿ ಸುಮಾರು ಒಂದೂವರೆ ಶತಮಾನ ಈ ತಿದ್ದಿದ ಪಾಠವನ್ನೇ ಆಡಿತು; 1838ರಲ್ಲಿ ಮೆಕ್ರೀಡಿ ಮೂಲವನ್ನು ಮರಳಿ ರಂಗಕ್ಕೆ ತಂದ. ಡಾಕ್ಟರ್ ಜಾನ್ಸನ್‌ನಂತಹ ಘನ ವಿದ್ವಾಂಸನೂ ಕಾರ್ಡೀಲಿಯಳ ಸಾವನ್ನು ತಾಳಲಾರದೆ, ಸಂಪಾದಕನಾಗಿ ಅನಿವಾರ್ಯವಾಗುವವರೆಗೆ ಕೊನೆಯ ದೃಶ್ಯಗಳನ್ನು ಮತ್ತೆ ಓದಲಿಲ್ಲವೆಂದು ಒಪ್ಪಿಕೊಂಡಿದ್ದಾನೆ. ಟೇಟ್ ನಾಟಕದ ಕೊನೆಯನ್ನು ತಿದ್ದಿದ. ನಾವು ಅದರ ಮೊದಲನ್ನು ತಿದ್ದುತ್ತಿದ್ದೇವೆ. ಮೊದಲನೆಯ ಅಂಕದ ಮೊದಲನೆಯ ದೃಶ್ಯವನ್ನು ಮರೆತು, ಬಿರುಗಾಳಿಯಲ್ಲಿ ನಿಂತ ಮುದುಕನ ಬಿಳಿಯ ತಲೆಯಿಂದಲೇ ಕಥೆಯನ್ನು ಆರಂಭಿಸುತ್ತೇವೆ.

ಷೇಕ್ಸ್‌ಪಿಯರನನ್ನು ಕನ್ನಡಿಗರು ಪರಕೀಯನೆಂದು ಎಂದೂ ಬಗೆದವರಲ್ಲ. ಬಸವಪ್ಪ ಶಾಸ್ತ್ರಿಗಳ ಕೈಯಲ್ಲಿ ಒಥೆಲೊ ಶೂರಸೇನನಾದ. ಶ್ರೀಕಂಠೇಶಗೌಡರ ಕೈಯಲ್ಲಿ ಮ್ಯಾಕ್‌ಬೆತ್ ಪ್ರತಾಪರುದ್ರದೇವನಾದ. ಹ್ಯಾಮ್ಲೆಟ್ಟಿನ ಡೆನ್ಮಾರ್ಕನ್ನು ಕುವೆಂಪು 'ರಕ್ತಾಕ್ಷಿ'ಯಲ್ಲಿ ಬಿದನೂರಿಗೆ ತಂದರು. ನಾವೀಗ ಅನ್ನ ಉಣ್ಣುತ್ತಿರುವ ಈ ಮಲಯಾಳ ನಾಡೂ ಹಿಂದೆ ಬಿದ್ದಿಲ್ಲ. ವಿ. ಸಾಂಬಶಿವನ್ ಅವರು ಕಥಾಪ್ರಸಂಗದಲ್ಲಿ ಒಥೆಲೊವನ್ನು ದೇವಸ್ಥಾನದ ಉತ್ಸವಗಳ ಜನಸಾಗರದ ಮುಂದೆ ಹೇಳಿದರು. 1989ರಲ್ಲಿ ಲಿಯರ್ ಕಥಕಳಿಯ ವೇಷವನ್ನೂ ಧರಿಸಿದ. ಹೀಗೆ ಮನೆಯವನಾದ ಕವಿಯನ್ನು ಮನೆಯವರಂತೆಯೇ ತಕರಾರು ಮಾಡಿ ಓದುವ ಹಕ್ಕು ನಮಗಿದೆ ಎಂದು ನಂಬಿದ್ದೇನೆ.

ಮೂವತ್ತೈದು ವರ್ಷಗಳ ಹಿಂದೆ ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಈ ನಾಟಕದ ಮೇಲೆ ನಾನು ಬರೆದ ಉತ್ತರಕ್ಕೆ ಒಳ್ಳೆಯ ಅಂಕಗಳೇ ಬಂದಿದ್ದವು. ಬ್ರ್ಯಾಡ್ಲಿಯ ಮಾತುಗಳನ್ನು ಜೋಡಿಸಿ, ದುರಂತ ನಾಯಕನ ದೋಷವೆಂದರೆ ಕ್ಷಿಪ್ರಕೋಪ ಎಂದು ಬರೆದಿದ್ದೆ. ಆಗ ನನಗೆ ಮಕ್ಕಳಿರಲಿಲ್ಲ, ಅಧಿಕಾರವಿರಲಿಲ್ಲ, ಊರು ಬಿಟ್ಟ ಅನುಭವವಿರಲಿಲ್ಲ. ಆದುದರಿಂದ ನಾಟಕ ನನ್ನನ್ನು ಏನೂ ಕೇಳಲಿಲ್ಲ.

ಮೊದಲನೆಯ ದೃಶ್ಯದಲ್ಲಿ ನಡೆಯುವುದೇನು? ಎಂಬತ್ತು ದಾಟಿದ ಅರಸ ರಾಜ್ಯವನ್ನು ಮೂವರು ಹೆಣ್ಣುಮಕ್ಕಳಿಗೆ ಹಂಚಲು ನಿಶ್ಚಯಿಸಿದ್ದಾನೆ. ಆದರೆ ಹಂಚುವ ಮುನ್ನ ಸಭೆಯಲ್ಲಿ ಒಂದು ಪಂದ್ಯವನ್ನು ಹೂಡುತ್ತಾನೆ: ತನ್ನ ಮೇಲಿನ ಪ್ರೀತಿಯನ್ನು ಹೆಚ್ಚು ಚೆನ್ನಾಗಿ ಹೇಳಿದವಳಿಗೆ ಹೆಚ್ಚಿನ ಪಾಲು. ಹಿರಿಯಳು ಗಾನೆರಿಲ್ ಹೇಳುತ್ತಾಳೆ. ನಡುವಿನವಳು ರೀಗನ್ ಅಕ್ಕನ ಮಾತಿನ ಮೇಲೆ ಮಾತನ್ನು ಪೇರಿಸುತ್ತಾಳೆ. ಕಿರಿಯಳ ಸರದಿ ಬಂದಾಗ ಹೇಳುವುದಕ್ಕೆ ತನ್ನಲ್ಲಿ ಏನೂ ಇಲ್ಲವೆನ್ನುತ್ತಾಳೆ. ಬಲವಂತ ಮಾಡಿದಾಗ, ಮಗಳೆಂಬ ಬಾಂಧವ್ಯ ಎಷ್ಟನ್ನು ಬೇಡುತ್ತದೆಯೋ ಅಷ್ಟು ಪ್ರೀತಿಸುತ್ತೇನೆ, ಅದಕ್ಕೆ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂಬ ಅರ್ಥದ ಮಾತನ್ನಾಡುತ್ತಾಳೆ. ಅಷ್ಟಕ್ಕೆ ಅವಳು ನೆಲೆ ಕಳೆದುಕೊಳ್ಳುತ್ತಾಳೆ. ಅವಳ ಪರವಾಗಿ ಬಾಯಿ ತೆರೆದ ಕೆಂಟ್ ದೇಶ ಬಿಡಬೇಕಾಗುತ್ತದೆ.

ಗಾನೆರಿಲ್ ಮತ್ತು ರೀಗನ್ ದುಷ್ಟೆಯರಲ್ಲವೇ ಎಂದು ಕೇಳಬಹುದು. ದುಷ್ಟೆಯರೇ. ಮುದುಕ ತಂದೆಯ ಪರಿವಾರವನ್ನು ನೂರರಿಂದ ಐವತ್ತಕ್ಕೆ, ಐವತ್ತರಿಂದ ಇಪ್ಪತ್ತೈದಕ್ಕೆ ಇಳಿಸಿ, ಒಬ್ಬನಾದರೂ ಏಕೆ ಬೇಕೆಂದು ಕೇಳಿ, ಬಿರುಗಾಳಿಯ ರಾತ್ರಿ ಬಾಗಿಲು ಹಾಕಿಸಿದವರನ್ನು ನಾನು ಸಮರ್ಥಿಸಲಾರೆ. ಆದರೆ ಪ್ರೀತಿಗೆ ಲೆಕ್ಕವಿದೆ, ಮಾತಿಗೆ ಬೆಲೆಯಿದೆ, ಚೆನ್ನಾಗಿ ಮಾತಾಡಿದರೆ ಭೂಮಿ ಸಿಗುತ್ತದೆ ಎಂಬುದನ್ನು ಅವರಿಗೆ ಕಲಿಸಿದವರು ಯಾರು? ತಂದೆ ಕಲಿಸಿದ ಲೆಕ್ಕವನ್ನೇ ಅವರು ತಂದೆಗೆ ಒಪ್ಪಿಸಿದರು. ಹಿರಿಯರು ಕಣ್ಣೊರೆಸಿಕೊಂಡಾಗ ನನ್ನ ನಾಲಗೆಯ ತುದಿಯಲ್ಲಿದ್ದ ಮಾತು ಇದೇ.

ಈಗ ನಮ್ಮ ರಾಜ್ಯೋತ್ಸವಕ್ಕೆ ಬರುತ್ತೇನೆ. ಹೊರನಾಡಿನ ಸಂಘಗಳ ನವೆಂಬರ್ ಕಾರ್ಯಕ್ರಮವನ್ನು ನೋಡದ ಓದುಗರಿಲ್ಲ. ಬಾವುಟ, ನಾಡಗೀತೆ, ಬೆಂಗಳೂರಿನಿಂದ ಬಂದ ಮುಖ್ಯ ಅತಿಥಿ, ಆಮೇಲೆ ಮಕ್ಕಳನ್ನು ಸಾಲಾಗಿ ವೇದಿಕೆಗೆ ಹತ್ತಿಸಿ ಕನ್ನಡದ ಮೇಲೆ ಅವರಿಗೆಷ್ಟು ಅಭಿಮಾನವೆಂದು ಹೇಳಿಸುವುದು. ಚೆನ್ನಾಗಿ ಹೇಳಿದ ಮಗುವಿಗೆ ಬಹುಮಾನ, ತಂದೆತಾಯಿಯರಿಗೆ ಕೀರ್ತಿ. 2007ರ ನವೆಂಬರಿನಲ್ಲಿ ಹತ್ತು ವರ್ಷದ ನನ್ನ ಮಗಳೂ ಆ ಸಾಲಿನಲ್ಲಿದ್ದಳು. ನಾನೇ ಬರೆದುಕೊಟ್ಟ ಭಾಷಣವನ್ನು ಅವಳು ಕಂಠಪಾಠ ಮಾಡಿದ್ದಳು. ಮೈಕಿನ ಮುಂದೆ ನಿಂತು ಒಂದು ನಿಮಿಷ ಸುಮ್ಮನಿದ್ದು, ಕೈಮುಗಿದು ಇಳಿದುಬಂದಳು. ಮನೆಗೆ ಬಂದು ಅವಳಿಗೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. "ಮರೆತು ಹೋಯಿತೇ?" ಎಂದು ಅವಳ ತಾಯಿ ಕೇಳಿದಳು. "ಮರೆತಿರಲಿಲ್ಲ. ಅದು ಅಪ್ಪನ ಮಾತು, ನನ್ನದಲ್ಲ" ಎಂದಳು. ಮುಂದೆ ಅವಳು ಸಂಘದ ವೇದಿಕೆ ಹತ್ತಲಿಲ್ಲ. ನಾನೂ ಅವಳನ್ನು ಕರೆದುಕೊಂಡು ಹೋಗಲಿಲ್ಲ.

2019ರಲ್ಲಿ ಅರಸೀಕೆರೆಯ ಹತ್ತಿರದ ನಮ್ಮ ಊರಿನಲ್ಲಿ ನನ್ನ ತಾಯಿ ಹಾಸಿಗೆ ಹಿಡಿದರು. ನನಗೆ ರಜೆ ಸಿಕ್ಕಿದ್ದು ಹನ್ನೆರಡು ದಿನ. ಪುಣೆಯಲ್ಲಿ ಕೆಲಸಕ್ಕಿದ್ದ ಮಗಳು ಸಂಬಳವಿಲ್ಲದ ರಜೆ ಹಾಕಿ ನಲವತ್ತು ದಿನ ಅಜ್ಜಿಯ ಹತ್ತಿರ ಇದ್ದಳು. ಮೈ ಒರೆಸಿ, ಗಂಜಿ ಕುಡಿಸಿ, ಅಜ್ಜಿಯ ಹಳೆಯ ಕಾಲದ ಮಾತುಗಳನ್ನು ಕೇಳಿ, ತಿಳಿಯದ ಶಬ್ದಗಳನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಂಡಳು. ಅವಳ ಕನ್ನಡದಲ್ಲಿ ಇಂದಿಗೂ ತಪ್ಪುಗಳಿವೆ. ಒತ್ತಕ್ಷರಗಳನ್ನು ತಡವರಿಸಿ ಓದುತ್ತಾಳೆ. ಕಾರ್ಡೀಲಿಯ ಹೇಳಿದ ಬಾಂಧವ್ಯವೆಂದರೇನೆಂದು ನನಗೆ ಎಂ.ಎ. ತರಗತಿಯಲ್ಲಿ ತಿಳಿಯದೆ ಇದ್ದುದು ಆ ಸಣ್ಣ ಪುಸ್ತಕವನ್ನು ನೋಡಿದಾಗ ತಿಳಿಯಿತು. ನನ್ನ ಮಗಳನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಹನ್ನೆರಡು ವರ್ಷ ಅವಳನ್ನು ಕನ್ನಡದ ಹೊರಗಿನವಳೆಂದು ಎಣಿಸಿದ್ದವನು ನಾನು ಎಂದು ಒಪ್ಪಿಕೊಳ್ಳಲು ಬರೆಯುತ್ತಿದ್ದೇನೆ.

ಇದು ಒಬ್ಬ ತಂದೆಯ ಕುರುಡಾಗಿದ್ದರೆ ಮನೆಯೊಳಗೇ ಮುಗಿಯುತ್ತಿತ್ತು. ಆದರೆ ಲಿಯರನ ಪಂದ್ಯ ಮನೆಯೊಳಗೆ ನಡೆಯುವುದಿಲ್ಲ. ಸಭೆಯ ನಡುವೆ ಭೂಪಟವನ್ನು ತರಿಸಿಕೊಂಡ ಮೇಲೆ ನಡೆಯುತ್ತದೆ. ಪ್ರೀತಿಯ ಮಾತಿಗೂ ಗಡಿಯ ಗೆರೆಗೂ ಇರುವ ನಂಟನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಹುಟ್ಟಿತು. ಅದೇ ದಿನ ಕೇರಳವೂ ಹುಟ್ಟಿತು. ಅದುವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಕೇರಳದ ಪಾಲಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ವರದಿಯಲ್ಲಿಯೇ ಉಳಿಯಿತು. ನಾವು ಸಿಹಿ ಹಂಚುವ ದಿನ ಕಾಸರಗೋಡಿನ ಕನ್ನಡಿಗನಿಗೆ ಗೆರೆ ಬಿದ್ದ ದಿನ. ಗೋವಿಂದ ಪೈ ಅವರ ಮಂಜೇಶ್ವರ, ಕಯ್ಯಾರ ಕಿಞ್ಞಣ್ಣ ರೈ ಅವರ ಬದಿಯಡ್ಕ ಆ ಗೆರೆಯ ಆಚೆ ಉಳಿದವು.

ಆ ಕಡೆಯಿಂದ ಬಂದ ಒಬ್ಬರು ನಮ್ಮ ಸಂಘದಲ್ಲಿದ್ದಾರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಛೇರಿಯಲ್ಲಿ ಮಲಯಾಳ. ಅವರ ಕನ್ನಡದಲ್ಲಿ ಮೂರರ ಬಣ್ಣವೂ ಇದೆ. ಅವರು ಸಭೆಯಲ್ಲಿ ಮಾತಾಡಲು ಎದ್ದ ಒಂದೆರಡು ಸಲ ಮೈಸೂರು, ಬೆಂಗಳೂರು ಕಡೆಯ ನಾವು ಬಾಯಿಗೆ ಕರವಸ್ತ್ರ ಹಿಡಿದು ನಕ್ಕಿದ್ದೇವೆ. ಮೂರನೆಯ ಸಲ ಅವರು ಏಳಲಿಲ್ಲ. ಆದರೆ ಸಂಘದ ಎರಡು ಬೀರು ಪುಸ್ತಕಗಳಿಗೆ ಪ್ರತಿ ಮಳೆಗಾಲ ಬೂಸ್ಟು ಹಿಡಿಯದಂತೆ ಒರೆಸಿ, ಬಿಸಿಲಿಗೆ ಹಾಕಿ, ಪಟ್ಟಿ ಮಾಡಿ ಇಡುವವರು ಅವರೊಬ್ಬರೇ. ನಾವು ಓದಿದ ಮಾಸ್ತಿಯವರ ಪ್ರತಿಯೂ ಅವರು ಕಾಪಾಡಿದ್ದೇ. ಅದನ್ನು ಹಿಡಿದುಕೊಂಡು ಕಾರ್ಡೀಲಿಯಳಿಗಾಗಿ ಮರುಗಿದ ನಮಗೆ ಅದೇ ಕೋಣೆಯ ಮೂಲೆಯಲ್ಲಿ ಕುರ್ಚಿ ಜೋಡಿಸುತ್ತಿದ್ದವರು ಕಾಣಲಿಲ್ಲ.

ಕಾಣುವುದು, ಕಾಣದಿರುವುದು ಈ ನಾಟಕದ ಜೀವಾಳ. ಲಿಯರನಿಗೆ ಕಣ್ಣು ಬರುವುದು ಮೂರನೆಯ ಅಂಕದ ಬಿರುಗಾಳಿಯಲ್ಲಿ. ಗುಡಿಸಲಿನ ಬಾಗಿಲಲ್ಲಿ ನಿಂತು, ತನ್ನೊಡನಿದ್ದ ವಿದೂಷಕನನ್ನು ಮೊದಲು ಒಳಗೆ ಕಳಿಸಿ, ಇಂತಹ ರಾತ್ರಿಯಲ್ಲಿ ಸೂರಿಲ್ಲದ, ಹರಕು ಬಟ್ಟೆಯ ಬಡವರು ಎಲ್ಲಿ ಹೋಗಬೇಕೆಂದು ಕೇಳಿಕೊಳ್ಳುತ್ತಾನೆ. ಆಳುವಾಗ ಇದನ್ನು ತಾನು ಎಷ್ಟು ಅಲ್ಪವಾಗಿ ಲೆಕ್ಕಿಸಿದೆನೆಂದು ಹಳಹಳಿಸುತ್ತಾನೆ. ತನ್ನ ಮಕ್ಕಳ ಕೃತಘ್ನತೆಯನ್ನೇ ಜಪಿಸುತ್ತಿದ್ದವನು ಬೇರೆಯವರ ಕಷ್ಟವನ್ನು ನೆನೆಯುವ ಮೊದಲ ಗಳಿಗೆ ಅದು. ನಮ್ಮ ಬಳಗದಲ್ಲಿ ಆ ಮಾತಿನ ಮೇಲೆ ಒಬ್ಬರೂ ನಿಲ್ಲಲಿಲ್ಲ.

ನಾನು ಅದನ್ನು ಮತ್ತೆ ಓದಿದ್ದು ವಲ್ಲಾರ್ಪಾಡಂ ದ್ವೀಪದ ಬಾಡಿಗೆ ಮನೆಯಲ್ಲಿ. ಹೊರಗೆ ಇಲ್ಲಿಯವರು ಇಡವಪ್ಪಾತಿ ಎನ್ನುವ ಮುಂಗಾರು. ಕಿಟಕಿಯಿಂದ ನೋಡಿದರೆ ಒಂದು ಕಡೆ ಮಾತೆಯ ಬಸಿಲಿಕಾ, ಇನ್ನೊಂದು ಕಡೆ ಕಂಟೇನರ್ ಟರ್ಮಿನಲ್ಲಿನ ದೈತ್ಯ ಕ್ರೇನುಗಳು. ಈ ದ್ವೀಪಕ್ಕೂ ಒಂದು ಬಿರುಗಾಳಿಯ ಕಥೆಯಿದೆ. 1752ರಲ್ಲಿ ಮೀನಾಕ್ಷಿಯಮ್ಮ ಎಂಬ ನಾಯರ್ ಮನೆತನದ ಹೆಣ್ಣುಮಗಳು ಕೂಸಿನೊಡನೆ ಹೋಗುತ್ತಿದ್ದ ದೋಣಿ ಗಾಳಿಗೆ ಮಗುಚಿತಂತೆ. ಮೂರು ದಿನಗಳ ಮೇಲೆ ಬೆಸ್ತರ ಬಲೆಗೆ ತಾಯಿ ಮಗು ಇಬ್ಬರೂ ಜೀವಂತ ಸಿಕ್ಕಿದರೆಂದು ಐತಿಹ್ಯ. ಆಕೆ ಮನೆತನದ ಹಿರಿಮೆಯನ್ನು ಬಿಟ್ಟು, ಮಾತೆಯ ಅಡಿಯಾಳಾಗಿ, ಇಗರ್ಜಿಯ ಅಂಗಳ ಗುಡಿಸುತ್ತ ಉಳಿದಳೆಂದು ಹೇಳುತ್ತಾರೆ. ಇಂದಿಗೂ ಹರಕೆ ಹೊತ್ತವರು ಪೊರಕೆ ಹಿಡಿದು ಆ ಅಂಗಳ ಗುಡಿಸುತ್ತಾರೆ. ದೊಡ್ಡವರನ್ನು ಬಿರುಗಾಳಿ ಏನು ಮಾಡಬೇಕೆಂಬುದನ್ನು ಈ ದ್ವೀಪ ಷೇಕ್ಸ್‌ಪಿಯರನನ್ನು ಓದದೆಯೇ ತಿಳಿದಿದೆ.

ಕ್ರೇನುಗಳ ಕಡೆಗೂ ಒಂದು ಕಥೆಯಿದೆ. ಅದರಲ್ಲಿ ನಾನೂ ಇದ್ದೇನೆ. 2011ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಈ ಟರ್ಮಿನಲ್ಲಿಗೆ ರಸ್ತೆ ಮತ್ತು ರೈಲು ಹಾದಿ ಮಾಡಲು ಸುತ್ತಲಿನ ಹಳ್ಳಿಗಳ 316 ಕುಟುಂಬಗಳು ಮನೆ ಕಳೆದುಕೊಂಡವು. 2008ರ ಫೆಬ್ರವರಿ 6ರಂದು ಪಕ್ಕದ ಮೂಲಂಪಳ್ಳಿ ದ್ವೀಪದಲ್ಲಿ ಪೊಲೀಸರ ಬೆಂಬಲದೊಡನೆ ಯಂತ್ರಗಳು ಬಂದು ಮನೆಗಳನ್ನು ಕೆಡವಿದವು. ಜನ ಬೀದಿಗೆ ಬಿದ್ದು ಹೋರಾಡಿದರು, ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಂತಹವರು ಜೊತೆಗೆ ನಿಂತರು. ಮಾರ್ಚ್ 19ರಂದು ರಾಜ್ಯ ಸರ್ಕಾರ ಪುನರ್ವಸತಿಯ ಆದೇಶ ಹೊರಡಿಸಿತು. ಅದರ ಮೇಲೆ ಹತ್ತು ವರ್ಷ ಕಳೆದರೂ ಆ ಕುಟುಂಬಗಳಲ್ಲಿ ಬಹುಪಾಲು ಸ್ವಂತ ಸೂರಿಲ್ಲದೆ ಇದ್ದವು. ವೇಂಬನಾಡು ಕಾಯಲಿನ ಮೇಲೆ 4.62 ಕಿ.ಮೀ. ಉದ್ದದ ರೈಲು ಸೇತುವೆ ಮಾತ್ರ ಸಿದ್ಧವಾಗಿ, ದೇಶದಲ್ಲೇ ಉದ್ದದ್ದೆಂದು ಹೆಸರು ಪಡೆಯಿತು.

ಆ ಫೆಬ್ರವರಿಯಲ್ಲಿ ನಾನು ಕೊಚ್ಚಿಯಲ್ಲೇ ಒಂದು ಕೇಂದ್ರ ಸರ್ಕಾರಿ ಕಛೇರಿಯ ಕಿರಿಯ ಅಧಿಕಾರಿ. ಒಕ್ಕಲೆಬ್ಬಿಸಿದ ಕೆಲಸಕ್ಕೂ ನನ್ನ ಮೇಜಿಗೂ ಸಂಬಂಧವಿರಲಿಲ್ಲ. ಪತ್ರಿಕೆಯಲ್ಲಿ ಚಿತ್ರ ನೋಡಿದೆ. ಮುರಿದ ಗೋಡೆಯ ಮುಂದೆ ಶಾಲೆಯ ಚೀಲ ಹಿಡಿದ ಮಗು. ಪುಟ ತಿರುವಿದೆ. ಆ ವಾರದ ಸಂಘದ ಸಭೆಯ ವಿಷಯ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ. ಕೇಂದ್ರ ಸರ್ಕಾರದ ಮಲತಾಯಿ ಧೋರಣೆಯನ್ನು ಖಂಡಿಸುವ ಠರಾವನ್ನು ನಾನೇ ಬರೆದೆ. ಮಾತುಗಳು ಬಹಳ ಖಾರವಾಗಿವೆಯೆಂದು ಮೆಚ್ಚುಗೆಯೂ ಬಂತು. ಆ ವರ್ಷದ ಅಕ್ಟೋಬರ್ 31ರಂದು ಸ್ಥಾನ ದೊರೆತಾಗ ಸಿಹಿ ಹಂಚಿದೆವು. ನ್ಯಾಯವಾದ ಬೇಡಿಕೆ ಅದು, ಅದಕ್ಕಾಗಿ ಪಶ್ಚಾತ್ತಾಪವಿಲ್ಲ. ಆದರೆ ತಾಯ್ನುಡಿಗಾದ ಅವಮಾನಕ್ಕೆ ಕುದಿಯುತ್ತಿದ್ದ ನಮ್ಮ ಸಭೆಯಲ್ಲಿ, ಕೂಗಳತೆಯ ದೂರದಲ್ಲಿ ಮನೆ ಕಳೆದುಕೊಂಡವರ ಬಗೆಗೆ ಒಂದು ಸಾಲಿನ ಮಾತೂ ಬರಲಿಲ್ಲ. ಅಭಿಮಾನದ ಮಾತನ್ನು ಹೆಚ್ಚು ಜೋರಾಗಿ ಆಡಿದಷ್ಟೂ ಕಣ್ಣು ಮಂಜಾಗುತ್ತದೆಯೆಂಬ ನನ್ನ ವಾದಕ್ಕೆ ನನ್ನ ಹತ್ತಿರ ಇರುವ ಸಾಕ್ಷಿ ನಾನೇ.

ಸರ್ಕಾರಿ ಸೇವಕನಾಗಿ ಓದಿದಾಗ ಈ ನಾಟಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಪಾತ್ರ ಇನ್ನೊಂದು. ಅದಕ್ಕೆ ಹೆಸರೇ ಇಲ್ಲ. ಮೂರನೆಯ ಅಂಕದ ಕೊನೆಗೆ ರೀಗನ್ನಳ ಗಂಡ ಕಾರ್ನ್‌ವಾಲ್, ಮುದುಕ ಗ್ಲಾಸ್ಟರನನ್ನು ಕುರ್ಚಿಗೆ ಕಟ್ಟಿಸಿ ಕಣ್ಣು ಕೀಳುತ್ತಾನೆ. ಒಂದು ಕಣ್ಣು ಹೋದ ಮೇಲೆ ಅವನ ಸ್ವಂತ ಆಳೊಬ್ಬ ಮುಂದೆ ಬಂದು ಕೈ ತಡೆಯುತ್ತಾನೆ. ಬಾಲ್ಯದಿಂದ ನಿಮ್ಮ ಸೇವೆ ಮಾಡಿದ್ದೇನೆ, ಈಗ ನಿಲ್ಲಿಸಿ ಎನ್ನುವುದಕ್ಕಿಂತ ದೊಡ್ಡ ಸೇವೆಯನ್ನು ಎಂದೂ ಮಾಡಿಲ್ಲ ಎಂಬುದು ಅವನ ಮಾತಿನ ಸಾರ. ಅವನು ಅಲ್ಲಿಯೇ ಹತನಾಗುತ್ತಾನೆ. ಆದರೆ ಅವನು ಮಾಡಿದ ಗಾಯದಿಂದ ಕಾರ್ನ್‌ವಾಲನೂ ಉಳಿಯುವುದಿಲ್ಲ. ಇದೇ ನಾಟಕದಲ್ಲಿ ಆಸ್ವಾಲ್ಡ್ ಎಂಬ ಮನೆವಾರ್ತೆಯವನೂ ಇದ್ದಾನೆ. ಗಾನೆರಿಲ್ ಹೇಳಿದ ಕೆಲಸವನ್ನೆಲ್ಲ ಚಾಚೂ ತಪ್ಪದೆ ಮಾಡುತ್ತಾನೆ. ಅವನಿಗೆ ಹೆಸರಿದೆ, ಹಲವು ದೃಶ್ಯಗಳಿವೆ. ವಾರ್ಷಿಕ ಗೌಪ್ಯ ವರದಿ ಬರೆಯುವ ಪದ್ಧತಿ ಅಲ್ಲಿ ಇದ್ದಿದ್ದರೆ ಆಸ್ವಾಲ್ಡನಿಗೆ ಅತ್ಯುತ್ತಮ ಎಂಬ ಷರಾ ಖಂಡಿತ ಸಿಗುತ್ತಿತ್ತು.

ಇದಕ್ಕೆ ಬರಬಹುದಾದ ಎರಡು ಆಕ್ಷೇಪಗಳನ್ನು ಬಲ್ಲೆ. ನಾವು ಇಲ್ಲಿ ಬಂದು ನೆಲಸಿದವರು. ಈ ನೆಲದ ಜಗಳಗಳಲ್ಲಿ ಮೂಗು ತೂರಿಸುವುದು ಸಲ್ಲದು ಎಂಬುದು ಒಂದು. ಮೂವತ್ತು ವರ್ಷ ಒಂದು ನಾಡಿನ ನೀರು ಕುಡಿದವನು ಅತಿಥಿಯೇ? ಇಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರು ಬೇಕು, ಇಲ್ಲಿನ ಕಾಲೇಜಿನಲ್ಲಿ ಮಕ್ಕಳಿಗೆ ಸೀಟು ಬೇಕು, ಇಲ್ಲಿನವರ ದುಃಖ ಮಾತ್ರ ಬೇಡವೆಂದರೆ ಅದು ಅತಿಥಿಯ ಸಂಕೋಚವಲ್ಲ, ಗಿರಾಕಿಯ ಜಾಣತನ. ಗಡಿಯಾಚೆಯ ಕನ್ನಡಿಗರಿಗೆ ಕೇರಳ ನ್ಯಾಯ ಕೊಡಬೇಕೆಂದು ಕೇಳುವ ನಮಗೆ, ಕೇರಳದ ನಿರಾಶ್ರಿತರ ವಿಷಯದಲ್ಲಿ ಮೌನವಾಗಿರಲು ಯಾವ ಮುಖವಿದೆ?

ಎರಡನೆಯದು, ನಮ್ಮಲ್ಲಿ ಅನೇಕರು ಸರ್ಕಾರಿ ನೌಕರರು. 1964ರ ನಡತೆ ನಿಯಮಗಳು ಬಾಯಿ ಕಟ್ಟಿವೆ ಎಂಬುದು. ಆ ನಿಯಮಗಳನ್ನು ನಾನೂ ಓದಿದ್ದೇನೆ, ಅವುಗಳ ಮಿತಿಯಲ್ಲೇ ಬರೆಯುತ್ತಿದ್ದೇನೆ. ಅವು ಸರ್ಕಾರದ ನೀತಿಯನ್ನು ಟೀಕಿಸದಂತೆ ತಡೆಯುತ್ತವೆ. ಮನೆ ಕಳೆದುಕೊಂಡವರ ಮಗುವಿಗೆ ಪುಸ್ತಕ ಕೊಡುವುದನ್ನಾಗಲಿ, ಅವರ ಅಂಗಳಕ್ಕೆ ಹೋಗಿ ಕ್ಷೇಮ ವಿಚಾರಿಸುವುದನ್ನಾಗಲಿ ತಡೆಯುವ ಒಂದು ನಿಯಮವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಬರುವ ನವೆಂಬರಿಗೆ ನನ್ನ ಸಲಹೆಗಳು ಮೂರು. ಮಕ್ಕಳನ್ನು ವೇದಿಕೆಗೆ ಹತ್ತಿಸಿ ಅಭಿಮಾನದ ಪರೀಕ್ಷೆ ನಡೆಸುವುದನ್ನು ಕೈಬಿಡೋಣ. ಬೇಕಾದರೆ ಅವರು ಕೇಳಲಿ, ನಾವು ಓದಿ ಹೇಳೋಣ. ಅಧ್ಯಕ್ಷತೆಗೆ ಬೆಂಗಳೂರಿನವರನ್ನು ಕರೆಸುವ ಬದಲು, ನಮ್ಮ ಪುಸ್ತಕಗಳನ್ನು ಬಿಸಿಲಿಗೆ ಹಾಕುವ ಕಾಸರಗೋಡಿನವರನ್ನು ಕೇಳಿಕೊಳ್ಳೋಣ. ಅವರ ಕನ್ನಡದಲ್ಲಿಯೇ ಅವರು ಮಾತಾಡಲಿ, ಮಾತಾಡಲು ಇಷ್ಟವಿಲ್ಲದಿದ್ದರೆ ಸುಮ್ಮನೆ ಕುಳಿತಿರಲಿ. ಅತಿಥಿಯ ವಿಮಾನದ ಖರ್ಚು ಉಳಿಯುತ್ತದಲ್ಲ, ಅದರಲ್ಲಿ ಮೂಲಂಪಳ್ಳಿಯ ಕುಟುಂಬಗಳ ಮಕ್ಕಳಿಗೆ ಏನು ಬೇಕೆಂದು ಹೋಗಿ ಕೇಳಿಕೊಂಡು ಬರೋಣ. ಸೇತುವೆ ದಾಟಿದರೆ ಅರ್ಧ ಗಂಟೆಯ ಹಾದಿ.

ನಮ್ಮ ಹಿರಿಯರು ಈ ಬರಹದಿಂದ ನೊಂದುಕೊಂಡರೆ ಅವರ ಕ್ಷಮೆ ಕೇಳುತ್ತೇನೆ. ಅವರ ಕಣ್ಣೀರು ನಿಜವಾದದ್ದೆಂದು ಬಲ್ಲೆ. ಲಿಯರನದ್ದೂ ನಿಜವಾದದ್ದೇ ಆಗಿತ್ತು. ಆದರೆ ಅವನು ಕಾರ್ಡೀಲಿಯಳ ಮುಂದೆ ಮೊಣಕಾಲೂರಲು ಮುಂದಾದದ್ದು, ಮಕ್ಕಳು ನನಗೇನು ಮಾಡಿದರೆಂಬ ಲೆಕ್ಕವನ್ನು ಬಿಟ್ಟ ಮೇಲೆ. ಹೋದ ತಿಂಗಳು ಮಗಳು ಪುಣೆಯಿಂದ ಬಂದಿದ್ದಳು. ಮಾಸ್ತಿಯವರ ಪುಸ್ತಕವನ್ನು ಮೇಜಿನ ಮೇಲಿಂದ ತೆಗೆದುಕೊಂಡು ಮೊದಲನೆಯ ದೃಶ್ಯವನ್ನು ನಿಧಾನವಾಗಿ, ತಡವರಿಸುತ್ತ ಓದಿದಳು. ಹೇಗಿದೆಯೆಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅವಳು ಪುಟ ಗುರುತಿಟ್ಟು, ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಸಂಘದ ಪುಸ್ತಕವೆಂದು ಹೇಳಿದೆ. ಓದಿ ಮುಗಿಸಿ ಕಳಿಸುತ್ತೇನೆ, ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಳ್ಳಲಿ ಎಂದಳು.